ನೆನೆಯುವ ಹೊತ್ತು

ಮಿಂದೆಲೊ ಊರಿನ ನಲ್ಲಿಗಳಿಗೆ ಈ ರಾತ್ರಿ ಅರ್ಧ ರಜೆ.
ಎರಡನೇ ಸಾಲನ್ನು ನಿಲ್ಲಿಸಿದ್ದಾಳೆ ಎದೆಲ್ತ್ರುದಸ್.
ಮೂರು ವಾರದಿಂದ ಏರುತ್ತಲೇ ಇತ್ತು
ಗೇಜಿನ ಮುಳ್ಳು, ಒಳಜ್ವರದ ಹಾಗೆ,
ಮೊದಲು ಭ್ರಮೆ ಅನ್ನಿಸಿ, ಆಮೇಲೆ ಅಲ್ಲ ಅನ್ನಿಸಿ.

ಸಹಾರದ ಧೂಳು ಕಡಲು ಹಾದು ಬಂದಿತ್ತು ಫೆಬ್ರವರಿಯಲ್ಲಿ.
ವಿಮಾನ ಇಳಿಯಲಿಲ್ಲ, ಯಾರೂ ಬಟ್ಟೆ ಒಣಹಾಕಲಿಲ್ಲ.
ಆ ಧೂಳು, ಧೂಳಿನ ಹಿಂದೆ ಪಾಚಿ, ಪಾಚಿಯ ಹಿಂದೆ ಲೋಳೆ,
ಮರಳಿನ ಜರಡಿ ದಾಟಿ, ನೂಲಿನ ಜರಡಿ ದಾಟಿ
ಒಳಮನೆಗೇ ಬಂದು ಕೂತಿವೆ
ಕರೆಯದ ನೆಂಟರು. ಹೊರಡುವ ಮಾತಿಲ್ಲ.

"ಮೊದಲು ಕ್ಷಾರ, ಆಮೇಲೆ ಆಮ್ಲ.
ಹಿಂದುಮುಂದಾದರೆ ಲೋಳೆ ಹಕ್ಕಳೆಗಟ್ಟುತ್ತದೆ" ಅನ್ನುತ್ತಾನೆ
ನ್ಯೊ ವಿರ್ಗೊಲೀನು. ಅವನು ಕಲಿತದ್ದೆಲ್ಲ ತಪ್ಪು ಮಾಡಿ.
ಒಮ್ಮೆ ಕ್ಲೋರಿನ್ನಿನ ವಾಲ್ವ್ ಮರೆತು
ಒಂದು ಮಧ್ಯಾಹ್ನಕ್ಕೆ ನಲವತ್ತೆರಡು ಪೊರೆ ಸುಟ್ಟವನು.
ಸಂಬಳದಲ್ಲಿ ಹಿಡಿಯಲಿಲ್ಲ ಯಾರೂ;
ನಿದ್ದೆಯಲ್ಲಿ ಇನ್ನೂ ಕಂತು ಕಟ್ಟುತ್ತಿದ್ದಾನೆ.

ಮೂವತ್ತೈದು ಡಿಗ್ರಿ. ಕೂಸಿಗೆ ಎರೆಯುವ ನೀರಿನ ಬಿಸಿ.
ಆದರೆ ಮೊಣಕೈ ಅದ್ದಿ ನೋಡುವ ಹಾಗಿಲ್ಲ,
ಚರ್ಮ ಸುಲಿಯುವ ಕ್ಷಾರ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ.
ಒತ್ತಡ ಮೆಲ್ಲಗೆ, ಮೆಲ್ಲಗೆ. ಬೈದರೆ ಕೊಳೆ ಹೋಗುವುದಿಲ್ಲ.
ಮರಳಿ ಬರುವ ನೀರು ಮೊದಲು ತಿಳಿ, ಆಮೇಲೆ ಚಹಾ,
ಆಮೇಲೆ ಮೀನಿನ ಸಂತೆ ಮುಗಿದು ಕಲ್ಲು ತೊಳೆದ ನೀರು.
ಅದನ್ನು ಹೊರಗೆ ಬಿಟ್ಟು, ತೊಟ್ಟಿಯಲ್ಲಿ ಮತ್ತೆ ಕಲಸಿ, ತುಂಬಿ,
ಪಂಪು ಆರಿಸುತ್ತಾಳೆ.

ಇನ್ನು ನೆನೆಯಬೇಕು. ನಾಲ್ಕು ಗಂಟೆ.

ಪೊರೆ ನೆನೆಯುತ್ತದೆ.
ಇವಳೂ ನೆನೆಯುತ್ತಾಳೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಾಲು ಚಾಚಿ:
ಅಜ್ಜಿ ಬಿಬಿಯಾನ, ತಲೆಯ ಮೇಲೆ ಸೀಮೆಎಣ್ಣೆ ಡಬ್ಬ,
ತುಳುಕದಿರಲೆಂದು ನೀರಿನ ಮೇಲೊಂದು ಹಸಿರು ಟೊಂಗೆ.
ಎದುರಿನ ದ್ವೀಪದಿಂದ ಹಡಗಿನಲ್ಲಿ ಬರುತ್ತಿತ್ತಂತೆ ನೀರು,
ಪ್ರಯಾಣಿಕರ ಹಾಗೆ, ಟಿಕೆಟ್ಟಿನ ಬೆಲೆ ಸೇರಿಸಿಕೊಂಡು.
ಮೊದಲು ಅಕ್ಕಿ ತೊಳೆದ ನೀರು, ಅದರಲ್ಲೇ ಮುಖ,
ಅದರಲ್ಲೇ ಕಾಲು, ಅದರಲ್ಲೇ ನೆಲ,
ಉಳಿದ ಬಗ್ಗಡ ಬಾಗಿಲ ಬಳಿಯ ಗಿಡಕ್ಕೆ.
ನೀರಿನ ಹಾಗೆ ಖರ್ಚು ಮಾಡುವುದೆಂದರೆ ಆ ಮನೆಯಲ್ಲಿ
ಎಣಿಸಿ, ಮತ್ತೆ ಎಣಿಸಿ, ಬೇಡವೆಂದು ಒಳಗಿಡುವುದು.

ವಿರ್ಗೊಲೀನು ಗೊರಕೆ ಹೊಡೆಯುತ್ತಾನೆ. ಪಂಪಿಲ್ಲದ ರಾತ್ರಿ
ಕಡಲು ಎಷ್ಟು ಹತ್ತಿರ ಇದೆಯೆಂದು ಗೊತ್ತಾಗುತ್ತದೆ.

ಎರಡು ಗಂಟೆಗೆ ತೊಳೆದು, ಆಮ್ಲದ ಸರದಿ. ನಿಂಬೆಯ ಹುಳಿ,
ಮೂಲೆಮೂಲೆಯ ಸುಣ್ಣ ಬಿಡಿಸುವ ಹುಳಿ.
ಅದೂ ಮುಗಿದ ಮೇಲೆ ಬರುತ್ತದೆ ಅವಳಿಗೆ ಆಗದ ಕೆಲಸ:
ಒಳ್ಳೆಯ ನೀರು, ಕುಡಿಯುವ ನೀರು,
ತೊಟ್ಟಿಗಟ್ಟಲೆ, ಪೊರೆಯೊಳಗೆ ಹಾಯಿಸಿ, ಮೋರಿಗೆ.
ನೀರಿನ ದಾರಿ ತೊಳೆಯಲು ನೀರು.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ;
ಊರಿನ ಪಾಲಿನ ಉಪ್ಪನ್ನೆಲ್ಲ ತಡೆದು ನಿಂತದ್ದು ಇದು,
ಕುಡಿಯಲಿ.
ಅಜ್ಜಿಗೆ ಹೀಗೆ ಹೇಳಿ ನೋಡುತ್ತಾಳೆ ಮನಸ್ಸಿನಲ್ಲಿ.
ಅಜ್ಜಿ ಮುಖ ತಿರುಗಿಸುತ್ತಾಳೆ.

ಕಾಗದದ ಪಟ್ಟಿ ಅದ್ದುತ್ತಾಳೆ: ಕೆಂಪು. ಕಿತ್ತಳೆ. ಹಳದಿ.
ಕೊನೆಗೆ ಹಸಿರು.
ಅಡ್ಡಿಯಿಲ್ಲದ ನೀರು, ಆದರೂ ನಿಯಮ ನಿಯಮವೇ,
ಮೊದಲ ಒಂದು ಗಂಟೆಯದು ಊರಿಗಲ್ಲ.

ವಿರ್ಗೊಲೀನು ಎದ್ದಿದ್ದಾನೆ. ಮುಳ್ಳು ಇಳಿದದ್ದನ್ನು
ಗಾಜಿಗೆ ಉಗುರು ಬಡಿದು ಎರಡು ಸಲ ನೋಡುತ್ತಾನೆ.
ಅವಳು ನೀಲಿ ಬಕೆಟ್ ಹಿಡಿದು ಹಿಂಬಾಗಿಲಿಗೆ ಹೋಗುವುದನ್ನು
ನೋಡುವುದಿಲ್ಲ. ಅಲ್ಲೊಂದು ಜಾಲಿ ಇದೆ,
ಗಾಳಿಗೆ ಬಗ್ಗಿ ಬಗ್ಗಿ ಬಗ್ಗಿದಂತೆಯೇ ಬೆಳೆದದ್ದು.

ದಾಖಲೆ ಪುಸ್ತಕದಲ್ಲಿ, ಮೋರಿಗೆ ಬಿಟ್ಟ ನೀರು ಎಂಬ ಕಾಲಮ್ಮಿನಲ್ಲಿ
ಹನ್ನೆರಡು ಸಾವಿರ ಲೀಟರ್ ಎಂದು ಬರೆದು
ಪೆನ್ನು ಎತ್ತದೆ ಸ್ವಲ್ಪ ಹೊತ್ತು ಕೂತು
ಹನ್ನೊಂದು ಸಾವಿರದ ಒಂಬೈನೂರ ತೊಂಬತ್ತು ಎಂದು ತಿದ್ದುತ್ತಾಳೆ.