ಎರಡೇ ನಕ್ಷತ್ರ

ಹೇಳಿಬಿಡ್ತೀನಿ, ಈಗ ಯಾರ ಹೆದರಿಕಿ ಅದಾ:
ಆಫ್‌ಸೆಟ್ ಬರುವ ತನಕ, ಹನ್ನೆರಡು ವರ್ಷ,
ಪ್ರತಿ ಶುಕ್ರವಾರ ಬರೆದ ನಾನು
ಯಾವ ಸಿನಿಮಾಕ್ಕೂ ಎರಡರ ಮೇಲೆ ನಕ್ಷತ್ರ ಕೊಟ್ಟವನಲ್ಲ.
ಗುಲ್ಬರ್ಗದಲ್ಲೊಬ್ಬ ಭಾರಿ ಕೈಬಿಗಿ ವಿಮರ್ಶಕ
ಎಂದು ಹುಬ್ಬಳ್ಳಿವರೆಗೆ ಹೆಸರಾಯಿತು.
ಖರೇ ಮಾತು ಬೇರೆ.
ಗಂಜಿನ ಹಿಂದಿನ ನಮ್ಮ ಪ್ರೆಸ್ಸಿನಲ್ಲಿ
ಸಿದ್ರಾಮಪ್ಪನ ಮೊಳೆಪೆಟ್ಟಿಗೆಯೊಳಗೆ
ನಕ್ಷತ್ರದ ಅಚ್ಚುಮೊಳೆ ಇದ್ದದ್ದೇ ಎರಡು.
ಮೂರನೆಯದು ತರಿಸೋಣ ಅಂದರೆ ಮಾಲಕರು,
"ಅಂಥಾ ಪಿಚ್ಚರ್ ಬರ್ಲಿ, ಆಮ್ಯಾಲ ನೋಡಮು" ಅಂದರು.

ಪಿಚ್ಚರ್ ಬರುತ್ತಿದ್ದದ್ದೂ ಹಾಗೆಯೇ,
ಸೋಲಾಪುರ ಪ್ಯಾಸೆಂಜರಿನಲ್ಲಿ, ತಗಡಿನ ಡಬ್ಬಿಯಲ್ಲಿ,
ಊರೂರು ತಿರುಗಿ ಸವೆದ ಮೇಲೆ.
ನಾಯಕಿಯ ಮುಖದ ಮೇಲೆ ಸದಾ ಗೀರುಗಳ ಮಳೆ.
ಈ ಬಿಸಿಲೂರಿನಲ್ಲಿ ನಾನು
ಆಕಾಶದ ಮಳೆಗಿಂತ ಅದನ್ನು ಕಂಡದ್ದೇ ಹೆಚ್ಚು.

ಮೆಹತಾಬ್ ಟಾಕೀಸಿನ ನೆಲಕ್ಕೆ ಶಹಾಬಾದಿ ಫರಸಿ.
ಮೇ ತಿಂಗಳ ಮ್ಯಾಟಿನಿಗೆ ಚಪ್ಪಲಿ ಕಳಚಿ
ಅಂಗಾಲು ಊರಿ ಕೂತರೆ
ಕತೆ ಹೆಂಗೇ ಇರಲಿ, ಅರ್ಧ ಟಿಕೆಟ್ಟು ಅಲ್ಲೇ ವಸೂಲು.
ಇದನ್ನು ಬರೆಯಬೇಕಿತ್ತು. ಬರೆಯಲಿಲ್ಲ.
ವಿಮರ್ಶಕನಿಗೆ ಅಂಗಾಲು ಇರುವುದಿಲ್ಲ ಎಂದು ತಿಳಿದಿದ್ದೆ.

ಇನ್ನೊಂದು ಮುಚ್ಚಿಟ್ಟದ್ದು.
ಒಮ್ಮೆ ಒಂದು ಚಿತ್ರವನ್ನು ಬಹಳ ಹೊಗಳಿದೆ.
'ಸತ್ತ ತಂದೆ ಮರಳಿ ಬಂದು ಮಗಳ ಲಗ್ನಕ್ಕೆ ಸೀರೆ ಆರಿಸುತ್ತಾನೆ,
ಕಾಲವನ್ನೇ ಮುರಿದು ಕಟ್ಟುವ ನಿರ್ದೇಶಕನ ಧೈರ್ಯ...'
ಹೀಗೆ ಎರಡು ಕಾಲಂ.
ಶನಿವಾರ ಆಪರೇಟರ್ ಲಾಡ್ಲೆಸಾಬ
ಪಾನು ಕಟ್ಟಿಸಿಕೊಂಡು ಆಫೀಸಿಗೇ ಬಂದ.
"ಏಳನೇ ರೀಲು, ಒಂಬತ್ತನೇ ರೀಲು
ಅದಲ್‌ಬದಲ್ ಆಗಿತ್ತು ಸಾಹೇಬ್ರ, ನಿದ್ದಿ ಗುಂಗಿನಾಗ.
ಯಾರಿಗೂ ಹೇಳಂಗಿಲ್ಲ ತಗೋರಿ.
ಆದ್ರ ಆ ಧೈರ್ಯ ಏನದಾ, ಅದು ನಂದು."
ತಿದ್ದುಪಡಿ ಹಾಕಲಿಲ್ಲ.
ಪಾನು ಚೆನ್ನಾಗಿತ್ತು.

ನಟನೆ ಎಂದರೇನು ಸರ್, ಎಂದು ಈಗ ಹುಡುಗರು
ಮೊಬೈಲು ಮುಖಕ್ಕೆ ಹಿಡಿದು ಕೇಳುತ್ತಾರೆ.
ಅಳುವುದಲ್ಲ, ಅನ್ನುತ್ತೇನೆ. ಅಳು ಎಲ್ಲರಿಗೂ ಬರುತ್ತದೆ,
ನಮ್ಮ ಮಾಲಕರಿಗೂ ಬರುತ್ತಿತ್ತು, ಪಗಾರದ ದಿನ.

ಹೆಸರು ಮರೆತ ಒಂದು ಕೆಟ್ಟ ಚಿತ್ರ.
ನಾಯಕ ಕಿಟಕಿ ಹಿಡಿದು ನಿಂತು ಎಂಟು ನಿಮಿಷ ಮಾತಾಡುತ್ತಾನೆ.
ಹಿಂದೆ ಒಬ್ಬಾಕೆ, ನಮಗೆ ಬೆನ್ನು ಮಾಡಿ
ಕೌದಿ ಮಡಚುತ್ತಾಳೆ. ಅಷ್ಟೇ.
'ಬಿಟ್ಟು ಹೋಗುತ್ತೇನೆ' ಎಂದು ಅವನಂದಾಗ
ಆ ಕೈ ನಿಲ್ಲಲಿಲ್ಲ, ನೋಡ್ರಿ.
ನಿಂತಿದ್ದರೆ ನಟನೆಯಾಗುತ್ತಿತ್ತು.
ಒಂದು ಮಡಿಕೆ ಬಿಚ್ಚಿದಳು, ಮತ್ತೆ ಮಡಚಿದಳು
ಮೂಲೆಗೆ ಮೂಲೆ ಕೂಡಿಸಿ.
ಮೂರು ಆಟ ನೋಡಿದೆ. ಮುಖ ಕಾಣಲಿಲ್ಲ.
ಟೈಟಲ್ಲಿನಲ್ಲಿ ಹೆಸರೂ ಇಲ್ಲ.

ಆ ರಾತ್ರಿ ಸಿದ್ರಾಮಪ್ಪನಿಗೆ ಅಂದೆ, ಮೂರು ಬೇಕು.
ಅವನು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿ
ಲಗ್ನಪತ್ರಿಕೆಯ ಅಂಚಿಗೆ ಹಾಕುವ
ಒಂದು ಹೂವಿನ ಮೊಳೆ ಹೆಕ್ಕಿ ತೆಗೆದ.
ಎರಡು ನಕ್ಷತ್ರ, ಒಂದು ಹೂವು.
'ಇದಿಷ್ಟೂ ಆ ಬೆನ್ನಿಗೆ' ಎಂದು ಬರೆದೆ. ಉಳಿದದ್ದಕ್ಕೆ ಸೊನ್ನೆ.
ಬೆಳಿಗ್ಗೆ ಮಾಲಕರು ಅಚ್ಚಿನ ತಪ್ಪೆಂದು ಸಿದ್ರಾಮಪ್ಪನನ್ನು ಬೈದರು.
ಅವನೂ ಸುಮ್ಮನಿದ್ದ.

ನಾಲ್ಕು ತಿಂಗಳಿಗೆ ವಾಡಿಯಿಂದ ಒಂದು ಕಾರ್ಡು,
ಪೆನ್ಸಿಲ್ಲಿನ ಅಕ್ಷರ:
"ಆ ಬೆನ್ನು ನಮ್ಮ ಅಕ್ಕ ನಿಂಬೆಮ್ಮಂದು.
ಪಿಚ್ಚರ್ ನೋಡಿ ಬಂದೀನಿ.
ಕೌದಿ ಮಡಚೋದು ಥೇಟ್ ನಮ್ಮವ್ವನಂಗ.
ಫ್ಯಾಕ್ಟರಿ ನಾಟಕದಾಗ ಪಾರ್ಟ್ ಮಾಡ್ತಿದ್ದಳು,
ಒಂದಿನ ಹೇಳದೆ ರೈಲು ಹತ್ತಿದಳು.
ನೀವು ಬರದದ್ದು ಕತ್ತರಿಸಿ ಇಟ್ಟೀನಿ.
ಅಕಿ ವಿಳಾಸ ನಿಮಗೇನಾರ ಗೊತ್ತದೇನ್ರಿ?
ಇಂತಿ, ಭೀಮಶಾ."

ಎರಡು ಸಲ ಓದಿದೆ.
ಗೊತ್ತಿರಲಿಲ್ಲ.
ಅವತ್ತು ಗುರುವಾರ, ಎಂಟರೊಳಗೆ ಕಾಪಿ ಕೊಡಬೇಕಿತ್ತು.
ಕಾರ್ಡನ್ನು ಮೇಜಿನ ಗಾಜಿನ ಕೆಳಗೆ ಸರಿಸಿಟ್ಟೆ,
ಪುರಸೊತ್ತಾದಾಗ ಬರೆಯೋಣ ಅಂತ.