ಬೆರಳಚ್ಚು

ಸೆನೆಟ್ಟಿನ ಕೆಂಪು ಅಪ್ಪಟ ಕೆಂಪಲ್ಲ,
ನೀಲಗಿರಿ ಮರ ತೊಗಟೆ ಬಿಟ್ಟಾಗ ಕಾಣುವ ಒಳಮೈಯ ಬಣ್ಣ.
ನಡುವೆ ಒಂದು ಮೇಜು, ಮೇಜಿನ ಈ ತುದಿಗೆ ನಾನು,
ಏಳೂವರೆ ನಿಮಿಷಕ್ಕೊಮ್ಮೆ ಬದಲಾಗುವ ಪಾಳಿ.
ಕ್ಯಾನ್‌ಬೆರಾಕ್ಕೆ ಬಂದು ಹತ್ತೊಂಬತ್ತು ಚಳಿಗಾಲ.

ಆಡಿದ್ದನ್ನೆಲ್ಲ ಬರೆಯಬೇಕು,
ಆಡಿದ ಹಾಗೇ ಬರೆಯಬಾರದು.
ತಡವರಿಕೆ ತೆಗಿ, ಕೆಮ್ಮು ತೆಗಿ,
ಮೂರು ಸಲ ಬಂದ ‘ಮಾನ್ಯ ಅಧ್ಯಕ್ಷರೇ’ ಒಮ್ಮೆ ಸಾಕು.
ಮೊರದಲ್ಲಿ ಕೇರಿದಂತೆ ಕಸುಬು:
ಹೊಟ್ಟು ಯಾವ ಕಡೆ ಹಾರಿತೆಂದು ಯಾರೂ ಕೇಳುವುದಿಲ್ಲ.

ಸೆನೆಟರ್ ನೋಲಾ ಟ್ರೆಗೆನ್ನಾ,
ಟ್ಯಾಸ್ಮೇನಿಯಾದ ಪಡುವಣದ ತಾಮ್ರದ ಗಣಿಯೂರು,
ಮೊದಲು ರಾತ್ರಿಪಾಳಿಯ ನರ್ಸು.
ಮೈಕಿಗೆ ದೂರ ನಿಲ್ಲುತ್ತಿದ್ದಳು. ನಮಗದು ತಲೆನೋವು.
ರಕ್ಷಣಾ ಬಜೆಟ್ಟಿನ ಚರ್ಚೆಗೆ ಒಮ್ಮೆ
ಹಲ್ಲಿನ ವಿಷಯ ತಂದಳು:
ಸೈನ್ಯ ಸೇರಲು ನಮ್ಮೂರಿಂದ ಹೋದ ಹನ್ನೊಂದು ಹುಡುಗರಲ್ಲಿ
ಏಳು ಜನರ ದವಡೆ ಹುಳುಕು,
ಎಂಬತ್ತು ಮೈಲಿಗೆ ಒಬ್ಬನೇ ದಂತವೈದ್ಯ,
ಅವನೂ ಗುರುವಾರ ಮಾತ್ರ.
ಕಡಲೆ ಕೊಳ್ಳಲು ಕೋಟಿ ಕೋಟಿ ಇಟ್ಟಿದ್ದೀರಿ, ಸಚಿವರೇ,
ಅಗಿಯುವವರು ಯಾರು?
ಸದನದಲ್ಲಿ ನಗು, ಎಂದು ಬರೆದೆ. ನಿಯಮದಲ್ಲಿ ನಗುವಿಗೆ ಜಾಗವಿದೆ.

ಸಂಸತ್ತನ್ನು ಕೇಳದೆ ಪರದೇಶದ ಯುದ್ಧಕ್ಕೆ ಹೋಗಕೂಡದು—
ಆ ಮಸೂದೆ ನಾಲ್ಕು ಸಲ ತಂದಳು.
ನಾಲ್ಕು ಸಲ ಗಂಟೆ ಬಾರಿಸಿತು, ನಾಲ್ಕು ನಿಮಿಷ,
ಕಾಫಿಯ ಲೋಟ ಕೈಯಲ್ಲೇ ಹಿಡಿದು
ಓಡಿ ಬಂದವರೆಲ್ಲ ಆ ಕಡೆಯ ಸಾಲಿಗೆ ಹೋಗಿ ಕೂತರು.
ಈ ಕಡೆ ಅವಳು, ಜೊತೆಗೆ ಆರು ಮಂದಿ,
ಒಬ್ಬನಿಗೆ ನಿದ್ದೆ.
ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿದೆ,
ಸೋತವರದು ಬೇಗ ಮುಗಿಯುತ್ತದೆ.

ಜೂನ್ ತಿಂಗಳ ಒಂದು ರಾತ್ರಿ, ಕಲಾಪದ ಕೊನೆಗೆ,
ಖಾಲಿ ಕುರ್ಚಿಗಳ ಮುಂದೆ
ಕಲ್ಲಿನ ಧೂಳು ಕುಡಿದವರ ಬಗ್ಗೆ ಮಾತಾಡಿದಳು,
ಒಬ್ಬ ಗಣಿ ಕಾರ್ಮಿಕನ ಹೆಂಡತಿಯ ಮಾತನ್ನು
ಚೀಟಿ ನೋಡದೆ ಹೇಳಿದಳು.
ನಾನು ಅಚ್ಚುಕಟ್ಟಾಗಿ ಟೈಪಿಸಿದೆ:
‘ನನ್ನ ಪತಿಗೆ ಉಸಿರಾಟದ ತೊಂದರೆಯಿದೆ.’

ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿ ನಿಂತಿದ್ದಳು,
ಕೋಟಿನ ಮೇಲೆ ಮಂಜಿನ ಹನಿ, ಕೈಯಲ್ಲಿ ಕರಡು.
‘ಇದು ಡೋರೀನ್ ಹೇಳಿದ್ದಲ್ಲ’ ಅಂದಳು.
ಪೆನ್ಸಿಲಿನಲ್ಲಿ, ನರ್ಸಿನ ದುಂಡು ಅಕ್ಷರದಲ್ಲಿ, ಬರೆದಿದ್ದಳು:
‘ನಮ್ಮನಿಯಾಂವ್ಗ ಉಸ್ರು ಒಳಗ ಹೋಕ್ಕೈತಿ,
ಹೊರಗ ಬರಾಂಗಿಲ್ಲ.’

ಮೇಲಧಿಕಾರಿ ನಿಯಮದ ಪುಸ್ತಕ ತೆಗೆದ.
ನಾನೂ ತೆಗೆದೆ. ಅದೇ ಪುಸ್ತಕ, ಬೇರೆ ಪುಟ.
ಮಧ್ಯಾಹ್ನದ ಹೊತ್ತಿಗೆ ಡೋರೀನಳ ಮಾತು
ಗಣತಂತ್ರ, ತೆರಿಗೆ, ಕುರಿಮಾಂಸದ ರಫ್ತು ಇವುಗಳ ನಡುವೆ
ಹಾಗೇ ಅಚ್ಚಿಗೆ ಹೋಯಿತು.
ಆ ಮಸೂದೆ ಪಾಸಾಗಲು ಇನ್ನೂ ಒಂಬತ್ತು ವರ್ಷ.
ಪಾಸಾದ ದಿನ ಭಾಷಣ ಮಾಡಿದವರು ಬೇರೆಯವರು,
ಚೆನ್ನಾಗಿಯೇ ಮಾಡಿದರು. ತಿದ್ದುವುದು ಏನೂ ಇರಲಿಲ್ಲ.

ಅಷ್ಟರಲ್ಲಿ ಪಕ್ಷ ಅವಳ ಹೆಸರನ್ನು
ಪಟ್ಟಿಯಲ್ಲಿ ಕೆಳಕ್ಕೆ ತಳ್ಳಿತ್ತು.
ವಿದಾಯದ ಭಾಷಣದಲ್ಲಿ ಎಲ್ಲರಿಗೂ ವಂದಿಸಿದಳು:
ಚಾಲಕರಿಗೆ, ಕಸಗುಡಿಸುವವರಿಗೆ,
‘ಮೇಜಿನ ತುದಿಯಲ್ಲಿ ಕೂತು ನನ್ನನ್ನು ಬುದ್ಧಿವಂತೆ ಮಾಡಿದವರಿಗೆ’.
ಆಮೇಲೆ ‘ನಮ್ಮೂರಿನ’ ಅಂದಳು.
ನಿಂತಳು.

ಗಡಿಯಾರ ನೋಡಿದೆ. ನಲವತ್ತೊಂದು ಸೆಕೆಂಡು.
ಯಾರೂ ಕೆಮ್ಮಲಿಲ್ಲ.
ಪಾಳಿ ಬದಲಿಸಲು ಬಂದ ಹುಡುಗ ನನ್ನ ಹಿಂದೆ
ಹಾಗೇ ನಿಂತ.
ಕೈಯಿಂದ ಏನೋ ಸರಿಸಿದ ಹಾಗೆ ಮಾಡಿ, ‘ಇರಲಿ’ ಎಂದು
ಕೂತುಬಿಟ್ಟಳು.

ನಗುವಿಗೆ, ಗದ್ದಲಕ್ಕೆ, ಸಭಾತ್ಯಾಗಕ್ಕೆ ಗುರುತುಗಳಿವೆ,
ಇದಕ್ಕೆ ಇಲ್ಲ.
ಆ ಮಾತಿಗೆ ಈ ಮಾತು ಅಂಟಿಸಿ ಮುಂದೆ ಹೋಗಬೇಕು.
ನಾನು ಒಂದು ಅಡ್ಡಗೆರೆ ಎಳೆದೆ,
ಸಾಲಿನ ಅರ್ಧದಿಂದ ಅಂಚಿನವರೆಗೆ.
ಯಾರೂ ತಿದ್ದಲಿಲ್ಲ.

ಆ ಸಂಪುಟ ಈಗಲೂ ಗ್ರಂಥಾಲಯದಲ್ಲಿದೆ, ಕೆಳಗಿನ ಕಪಾಟಿನಲ್ಲಿ.
ಮೊನ್ನೆ ಯಾರೋ ವಿದ್ಯಾರ್ಥಿ
ಆ ಪುಟ ತೋರಿಸಿ ಕೇಳಿದ,
ಇದು ಮುದ್ರಣದ ದೋಷವೇ ಅಂತ.