ಎತ್ತಿದ ಕಾಲು

ಗ್ರಿಮ್ಸ್‌ಬಿಯ ಹೊರಗೆ, ಸಸಿ ಮಾರುವ ಅಂಗಡಿಯ ಹಿಂದೆ
ಕಾರು ನಿಲ್ಲಿಸುವ ಬಯಲು. ಶನಿವಾರ, ಬೆಳಿಗ್ಗೆ ಒಂಬತ್ತು.
ಬಾಳೆಹಣ್ಣಿನ ಖಾಲಿ ರಟ್ಟಿನ ಡಬ್ಬ ಹಿಡಿದು
ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೇವೆ,
ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಹಾಗೆ.
"ಎಷ್ಟು ಬೇಕು?" ಅಂದಳು ಕೈಗವಸಿನ ಹುಡುಗಿ.
ಮೂರು ಅಂದೆ. ನಾಲ್ಕು ಕೊಟ್ಟಳು.
ಸೋಮವಾರ ಲಾರಿ ಬರುವುದಿತ್ತಂತೆ ಇವುಗಳಿಗೆ.
ಒಂದೂವರೆ ವರ್ಷಕ್ಕೇ ಮುದುಕಿಯರು, ಲೆಕ್ಕದ ಪುಸ್ತಕದಲ್ಲಿ.

ಹಿತ್ತಿಲಲ್ಲಿ ಡಬ್ಬ ತೆರೆದರೆ
ಇವು ಕೋಳಿಯೇ? ಅರ್ಧ ಅಡುಗೆಯಾದ ಹಾಗಿವೆ.
ಎದೆ ಬೋಳು, ಕುತ್ತಿಗೆ ಬೋಳು, ಜುಟ್ಟು ಮಾತ್ರ
ಹಿಂಡಿ ಒಣಹಾಕಲು ಮರೆತ ಬಟ್ಟೆಯಂತೆ
ಬಿಳಿಚಿ, ಒಂದು ಕಣ್ಣಿನ ಮೇಲೆ ಜೋತಿದೆ.
ಬೇಲಿಯಾಚೆಯಿಂದ ಕ್ಲೈವ್ ಹೆಬಲ್‌ವೈಟ್ ಇಣುಕಿ
"ಸೂಪಿಗೂ ಆಗುವುದಿಲ್ಲವಲ್ಲ" ಅಂದ.
ಉತ್ತರ ಕೊಡಲಿಲ್ಲ. ನಿಜವೇ ಇತ್ತು.

ಹೆಸರಿಟ್ಟೆ: ಬೆರಿಲ್, ಎಡ್ನಾ, ಮೇವಿಸ್, ಪಾಲೀನ್.
ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ದುಡಿದವರು.
ಇಬ್ಬರು ಹೋದರು, ಒಬ್ಬಳಿಗೆ ಈಗ ಯಾರ ಗುರುತೂ ಇಲ್ಲ,
ಪಾಲೀನ್ ಸ್ಪೇನಿನಲ್ಲಿದ್ದಾಳೆ; ಕೇಳಿ ಬಿದ್ದು ಬಿದ್ದು ನಕ್ಕಳು.

ಮೊದಲ ದಿನ ಯಾರೂ ಕದಲಲಿಲ್ಲ.
ಬಾಗಿಲು ತೆರೆದೇ ಇತ್ತು. ಹೊಸಿಲಾಚೆ ಹುಲ್ಲು,
ಹುಲ್ಲಿನ ಮೇಲೆ ಏಪ್ರಿಲ್ಲಿನ ತಣ್ಣನೆ ಬಿಸಿಲು.
ಮೇವಿಸ್ ಒಂದು ಕಾಲು ಎತ್ತಿದಳು,
ಎತ್ತಿಯೇ ಇದ್ದಳು, ನನ್ನ ಟೀ ಆರುವವರೆಗೂ.
ತಂತಿಯ ಮೇಲೆ ನಿಂತೇ ಬೆಳೆದ ಪಾದಕ್ಕೆ
ನೆಲವೆಂದರೆ ಏನೆಂದು ಹೇಗೆ ಗೊತ್ತಾಗಬೇಕು?
ಆಮೇಲೆ ಇಳಿಸಿದಳು. ಅದೇ ಹಳೆಯ ಜಾಗದಲ್ಲಿ.

ಅವರಿದ್ದಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿ ಅಲ್ಲ,
ಯಾರೋ ಸ್ವಿಚ್ಚು ಒತ್ತಿ. ಕತ್ತಲೂ ಹಾಗೆಯೇ, ಟಕ್ಕನೆ.
ಇಲ್ಲಿ ಸಂಜೆ ಹೇಳದೆ ಕೇಳದೆ ಮೆಲ್ಲಗೆ ಬಂದು
ಹಿತ್ತಿಲನ್ನು ಮೂಲೆ ಮೂಲೆಯಿಂದ ನುಂಗುವಾಗ
ಇದ್ದಲ್ಲೇ ಕುಸಿದು ಕುಳಿತುಬಿಡುವರು.
ಹನ್ನೊಂದು ರಾತ್ರಿ ಒಬ್ಬೊಬ್ಬರನ್ನೇ ಎತ್ತಿ
ಗೂಡಿನಲ್ಲಿ ಕೂರಿಸಿದೆ. ಬೋಳು ಚರ್ಮ ಅಂಗೈಗೆ ಬಿಸಿ,
ಒಳಗೆ ಎದೆ, ಹೊಲಿಗೆ ಯಂತ್ರದ ಹಾಗೆ.

ತಂಗಿ ನೊರೀನ್ ಉಣ್ಣೆಯ ಅಂಗಿ ಹೆಣೆದು ಕಳಿಸಿದಳು, ಹಳದಿ.
ಎಡ್ನಾ ಮಧ್ಯಾಹ್ನದೊಳಗೆ ಅದನ್ನು ಎಳೆ ಎಳೆಯಾಗಿ ಬಿಚ್ಚಿ
ಎರೆಹುಳವೆಂದು ನುಂಗಲು ನೋಡಿದಳು.
ನೊರೀನ್‌ಗೆ ಹೇಳಿಲ್ಲ.

ಮೇ ತಿಂಗಳಲ್ಲಿ ಬೆರಿಲ್ ಸತ್ತಳೆಂದುಕೊಂಡೆ.
ರೆಕ್ಕೆ ಒಂದು ಕಡೆ, ಕಾಲು ಒಂದು ಕಡೆ, ಕೊಕ್ಕು ತೆರೆದು
ಮಣ್ಣಲ್ಲಿ ಬಿದ್ದಿದ್ದಾಳೆ. ಬರಿಗಾಲಲ್ಲೇ ಓಡಿದೆ.
ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ
ಮತ್ತೆ ಮುಚ್ಚಿಕೊಂಡಳು. ಮೈ ಕಾಯಿಸುತ್ತಿದ್ದಳು, ಅಷ್ಟೇ.
ಯಾರು ಕಲಿಸಿದರು?

ಸತ್ತದ್ದು ಪಾಲೀನ್, ಜೂನಿನಲ್ಲಿ. ಹೊಟ್ಟೆಯೊಳಗೇ ಮೊಟ್ಟೆ ಒಡೆದು.
"ದಿನಕ್ಕೊಂದು ಇಡಲೆಂದೇ ಮಾಡಿದ ಮೈ" ಅಂದಳು ಪಶುವೈದ್ಯೆ,
"ನಿಲ್ಲಿಸಲು ಅದಕ್ಕೆ ಬಾರದು."
ಬಿಲ್ಲು ಅರವತ್ತೆರಡು ಪೌಂಡು.
ಸ್ಪೇನಿಗೆ ಫೋನು ಮಾಡಲಿಲ್ಲ.

ಮೂವತ್ತೊಂದು ವರ್ಷ, ದಿನಕ್ಕೆ ಐದು ಟ್ರೇ,
ಬಟ್ಟಲ ಅಂಚಿಗೆ ಟಕ್, ಒಂದೇ ಕೈಯಲ್ಲಿ,
ಕೆಲವೊಮ್ಮೆ ಎರಡು ಕೈಗೂ ಒಂದೊಂದು, ಮಾತಾಡುತ್ತ,
ಕಿಟಕಿಯಾಚೆ ಮಕ್ಕಳ ಗಲಾಟೆ ಕೇಳುತ್ತ.
ಎಷ್ಟಾಯಿತು? ಒಂದು ರಾತ್ರಿ ಲೆಕ್ಕ ಹಾಕಲು ಕೂತು
ಲಕ್ಷ ದಾಟಿದ ಮೇಲೆ ಪೆನ್ಸಿಲ್ ಕೆಳಗಿಟ್ಟೆ.
ಪಾಪವೆಂದಲ್ಲ. ಮಕ್ಕಳಿಗೆ ಹಸಿವಿತ್ತು.
ಆದರೂ ಆ ಬಟ್ಟಲಿನಾಚೆ ಎಲ್ಲೋ
ಒಂದು ಕಾಲು ಎತ್ತಿಯೇ ನಿಂತಿತ್ತೆಂದು
ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇವತ್ತು ಮಳೆ. ಮೂವರೂ ಬೇಲಿಯ ಕೆಳಗೆ ನುಸುಳಿ
ಕ್ಲೈವ್‌ನ ಲೆಟ್ಯೂಸ್ ಪಾತಿಗೆ ನುಗ್ಗಿದ್ದಾರೆ,
ಕುತ್ತಿಗೆಗೆ ಹೊಸ ಗರಿ, ಮುಳ್ಳುಮುಳ್ಳು,
ಜುಟ್ಟು ಕೆಂಪಗೆ, ಹಿಂಗಾಲಿನಿಂದ ಕೆದರಿದ ಮಣ್ಣು
ಅವನ ಕಿಟಕಿಯವರೆಗೂ ಹಾರಿದೆ.
ಅವನು ನನ್ನ ಹೆಸರು ಹಿಡಿದು ಕೂಗುತ್ತಿದ್ದಾನೆ.
ನಾನು ಬೂಟು ಹುಡುಕುತ್ತಿದ್ದೇನೆ,
ಅವಸರವೇನೂ ಇಲ್ಲ.